ಶ್ವಾಸನಾಳವನ್ನು ಬೆಳೆಸಬಹುದೇ?

ಒಬ್ಬನಲ್ಲಿ ಜೀವವಿದೆಯೋ ಇಲ್ಲವೋ ಎಂಬ ಸಂದೇಹ ಬಂದಾಗ ನಮ್ಮ ಹಿರಿಯರು ಮೊದಲು ಮೂಗಿನ ಬಳಿ ಬೆರಳಿಟ್ಟು ನೋಡುತ್ತಿದ್ದರು. ಉಸಿರು ಬೆರಳಿಗೆ ತಾಗಿದರೆ ಮನೆಯವರೆಲ್ಲರಿಗೂ ಧೈರ್ಯ. ಹಾಗೆ ಬೆರಳಿಗೆ ತಾಗುವ ಆ ಗಾಳಿಯು ಮೂಗಿನಿಂದ ಶ್ವಾಸಕೋಶದವರೆಗೆ ಹೋಗಿ ಬರುವ ದಾರಿಯಲ್ಲಿ, ಕೊರಳಿನಿಂದ ಎದೆಯ ನಡುವಿನವರೆಗೆ ಇರುವುದು ಒಂದೇ ಒಂದು ಕೊಳವೆ. ಕಣ್ಣು ಎರಡು, ಕಿವಿ ಎರಡು, ಮೂತ್ರಪಿಂಡ ಎರಡು, ಶ್ವಾಸಕೋಶವೂ ಎರಡು. ಶ್ವಾಸನಾಳ ಮಾತ್ರ ಒಂದು. ಅದು ಮುಚ್ಚಿದರೆ ಗಾಳಿಗೆ ಬೇರೆ ದಾರಿಯಿಲ್ಲ.

ಈ ನಾಳವು ರೋಗದಿಂದಲೋ ಗಾಯದಿಂದಲೋ ಕೆಟ್ಟುಹೋದರೆ ಹೊಸದೊಂದನ್ನು ತಯಾರಿಸಿ ಜೋಡಿಸಬಹುದೇ? ಹೃದಯವನ್ನೂ ಯಕೃತ್ತನ್ನೂ ಮೂತ್ರಪಿಂಡವನ್ನೂ ಬದಲಿಸುವ ಈ ಕಾಲದಲ್ಲಿ ಗಾಳಿ ಹಾಯುವ ಒಂದು ಕೊಳವೆಯನ್ನು ಬದಲಿಸುವುದು ಏನು ಮಹಾ ಕೆಲಸ ಎಂದು ಮೊದಲ ನೋಟಕ್ಕೆ ಅನ್ನಿಸುವುದು ಸಹಜ. ಆದರೆ ಶಸ್ತ್ರವೈದ್ಯರ ಅನುಭವ ಇದಕ್ಕೆ ತೀರ ವಿರುದ್ಧವಾಗಿದೆ. ಈ ಪ್ರಶ್ನೆಗೆ ಉತ್ತರ ಹುಡುಕಿದ ಕಳೆದ ಮೂರು ದಶಕಗಳ ಚರಿತ್ರೆಯಲ್ಲಿ ಬೆರಗುಗೊಳಿಸುವ ಸಾಧನೆಯೂ ಇದೆ, ತಲೆ ತಗ್ಗಿಸಬೇಕಾದ ಅಧ್ಯಾಯವೂ ಇದೆ. ಎರಡನ್ನೂ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ನಾಳದ ರಚನೆ

ಕೊರಳಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಉಬ್ಬಿನ ಕೆಳಗೆ, ಬೆರಳಿನಿಂದ ಮೆಲ್ಲನೆ ಸವರಿದರೆ ಒಂದರ ಕೆಳಗೊಂದು ಏಣುಗಳು ಇರುವುದು ತಿಳಿಯುತ್ತದೆ. ಇವೇ ಶ್ವಾಸನಾಳದ ಉಂಗುರಗಳು. ಪ್ರಾಯಕ್ಕೆ ಬಂದವರಲ್ಲಿ ಈ ನಾಳದ ಉದ್ದ ಸುಮಾರು ೧೦ರಿಂದ ೧೨ ಸೆಂಟಿಮೀಟರು, ಅಗಲ ಸುಮಾರು ೨ ಸೆಂಟಿಮೀಟರು. ಇಷ್ಟು ಉದ್ದದಲ್ಲಿ ೧೬ರಿಂದ ೨೦ ಉಂಗುರಗಳಿರುತ್ತವೆ. ಇವು ಎಲುಬಲ್ಲ, ಎಲುಬಿಗಿಂತ ಮೃದುವಾದ, ಮಾಂಸಕ್ಕಿಂತ ಗಟ್ಟಿಯಾದ, ಬಾಗಿದರೂ ಮತ್ತೆ ತನ್ನ ಆಕಾರಕ್ಕೆ ಮರಳುವ ಮೃದ್ವಸ್ಥಿ. ಉಂಗುರಗಳೆಂದು ಕರೆದರೂ ಇವು ಪೂರ್ಣ ವೃತ್ತಗಳಲ್ಲ. ಕುದುರೆಯ ಲಾಳದಂತೆ ಹಿಂಬದಿಗೆ ತೆರೆದಿರುತ್ತವೆ. ಆ ತೆರವನ್ನು ಸ್ನಾಯುವಿನ ಒಂದು ಪೊರೆ ಮುಚ್ಚಿರುತ್ತದೆ. ಕೆಮ್ಮುವಾಗ ಈ ಸ್ನಾಯು ಬಿಗಿದು ನಾಳ ಕಿರಿದಾಗುತ್ತದೆ. ಗಾಳಿ ರಭಸದಿಂದ ನುಗ್ಗಿ ಕಫವನ್ನು ಹೊರದೂಡುತ್ತದೆ.

ಬಾವಿಗೆ ಪಂಪು ಕೂಡಿಸಿದ ರೈತರಿಗೆ ಈ ಉಂಗುರಗಳ ಪ್ರಯೋಜನವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನೀರೆಳೆಯುವ ಕಡೆಯ ಪೈಪು ಬರಿಯ ಮೆತ್ತನೆಯದಾಗಿದ್ದರೆ ಎಳೆತಕ್ಕೆ ಸಿಕ್ಕಿ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಆದ್ದರಿಂದಲೇ ಅದರ ಗೋಡೆಯಲ್ಲಿ ಸುರುಳಿಯಾದ ಗಟ್ಟಿ ಏಣು ಇರುತ್ತದೆ. ಶ್ವಾಸನಾಳದ ಪರಿಸ್ಥಿತಿಯೂ ಇದೇ. ನಾವು ಉಸಿರನ್ನು ಒಳಗೆಳೆದಾಗಲೆಲ್ಲ ಆ ಎಳೆತಕ್ಕೆ ಕುಸಿಯದಂತೆ ನಾಳವನ್ನು ತೆರೆದಿಡುವುದು ಮೃದ್ವಸ್ಥಿಯ ಕೆಲಸ. ಜೊತೆಗೆ ಅದು ಕೊರಳು ತಿರುಗಿದಂತೆ ಬಳುಕಲೂ ಬೇಕು.

ಗಟ್ಟಿತನ ಮತ್ತು ಬಳುಕು ಇವೆರಡೇ ಸಾಕಾಗಿದ್ದರೆ ರಬ್ಬರಿನ ಕೊಳವೆಯೂ ಶ್ವಾಸನಾಳವಾಗಬಹುದಾಗಿತ್ತು. ಆದರೆ ನಾಳದ ಒಳಮೈ ಸದಾ ದುಡಿಯುವ ಸಜೀವ ಪದರ. ಅದರ ಕೆಲವು ಜೀವಕೋಶಗಳು ಲೋಳೆಯನ್ನು ಸ್ರವಿಸುತ್ತವೆ. ಉಸಿರಿನೊಡನೆ ಬಂದ ಧೂಳೂ ರೋಗಾಣುಗಳೂ ಆ ಲೋಳೆಗೆ ಅಂಟಿಕೊಳ್ಳುತ್ತವೆ. ಬೇರೆ ಕೋಶಗಳ ಮೇಲೆ ಲೋಮಾಂಗಗಳೆಂಬ ಅತಿ ಸೂಕ್ಷ್ಮವಾದ ಎಳೆಗಳಿವೆ. ಗಾಳಿಗೆ ತೆನೆಗಳು ಸಾಲುಸಾಲಾಗಿ ಬಾಗುವಂತೆ ಇವು ಹಗಲಿರುಳೂ ಬಾಗಿ ಏಳುತ್ತ ಲೋಳೆಯನ್ನು ಗಂಟಲಿನತ್ತ ಮೇಲಕ್ಕೆ ಸಾಗಿಸುತ್ತವೆ. ಈ ಪದರ ಬದುಕಿರಬೇಕಾದರೆ ಅದಕ್ಕೆ ರಕ್ತ ಬೇಕು. ಆ ರಕ್ತವನ್ನು ತರುವುದು ಹೃದಯಕ್ಕಿರುವಂಥ ದೊಡ್ಡ ನಾಳಗಳಲ್ಲ. ನಾಳದ ಉದ್ದಕ್ಕೂ ಎರಡೂ ಪಕ್ಕಗಳಿಂದ ಬಂದು ಸೇರುವ ಕೂದಲೆಳೆಯಂಥ ಹಲವಾರು ಕಿರುನಾಳಗಳು. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಹೇಳಲಿರುವ ಕಥೆಯೆಲ್ಲ ಇದರ ಸುತ್ತಲೇ ತಿರುಗುತ್ತದೆ.

ಹಾನಿಯಾದಾಗ

ಕ್ಯಾನ್ಸರು, ಅಪಘಾತ, ಕ್ಷಯದ ಸೋಂಕು ಇವುಗಳಿಂದ ಶ್ವಾಸನಾಳ ಕೆಡಬಹುದು. ತೀವ್ರ ಅಸ್ವಸ್ಥರಾದವರಿಗೆ ಕೃತಕ ಉಸಿರಾಟಕ್ಕಾಗಿ ಗಂಟಲಿನಲ್ಲಿಟ್ಟ ನಳಿಗೆ ಬಹುದಿನ ಒತ್ತಿ ಕುಳಿತರೆ ಅಲ್ಲಿ ಗಾಯವಾಗಿ, ಗಾಯ ಮಾಯುವಾಗ ನಾಳ ಸಂಕುಚಿತವಾಗುವುದೂ ಉಂಟು. ಪ್ರಾಣ ಉಳಿಸಿದ ನಳಿಗೆಯೇ ಮುಂದೆ ಉಸಿರಿಗೆ ಅಡ್ಡಿಯಾಗುವ ವಿಪರ್ಯಾಸವಿದು. ಕೆಲವು ಶಿಶುಗಳಲ್ಲಿ ಹುಟ್ಟಿನಿಂದಲೇ ಉಂಗುರಗಳು ಹಿಂಬದಿಯಲ್ಲೂ ಕೂಡಿಕೊಂಡು ಪೂರ್ಣ ವೃತ್ತಗಳಾಗಿ, ನಾಳವು ಅತಿ ಕಿರಿದಾಗಿರುತ್ತದೆ. ಇನ್ನು ಕೆಲವರಲ್ಲಿ ಮೃದ್ವಸ್ಥಿಯೇ ದುರ್ಬಲವಾಗಿ, ಉಸಿರು ಬಿಟ್ಟಾಗಲೆಲ್ಲ ನಾಳ ಕುಸಿಯುತ್ತದೆ.

ಕೆಟ್ಟ ಭಾಗ ಚಿಕ್ಕದಾಗಿದ್ದರೆ ಅದನ್ನು ಕತ್ತರಿಸಿ ತೆಗೆದು ಎರಡು ತುದಿಗಳನ್ನು ಸೇರಿಸಿ ಹೊಲಿಯುವುದು ಅತ್ಯುತ್ತಮ ಚಿಕಿತ್ಸೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಎರಡು ಸೆಂಟಿಮೀಟರಿಗಿಂತ ಹೆಚ್ಚು ತೆಗೆಯಲಾಗದೆಂಬ ನಂಬಿಕೆಯಿತ್ತು. ಅಮೆರಿಕದ ಬಾಸ್ಟನ್ ನಗರದ ಹರ್ಮಿಸ್ ಗ್ರಿಲ್ಲೊ ಮೊದಲಾದ ಶಸ್ತ್ರವೈದ್ಯರು ಸುತ್ತಲಿನ ಭಾಗಗಳನ್ನು ಜಾಣ್ಮೆಯಿಂದ ಸಡಿಲಿಸಿ, ಪ್ರಾಯದವರಲ್ಲಿ ಸುಮಾರು ಅರ್ಧದಷ್ಟನ್ನೂ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನೂ ತೆಗೆಯಬಹುದೆಂದು ತೋರಿಸಿಕೊಟ್ಟರು. ಅದಕ್ಕಿಂತ ಹೆಚ್ಚು ಕೆಟ್ಟಿದ್ದರೆ ಹೊಲಿಗೆಯ ಮೇಲೆ ಎಳೆತ ಹೆಚ್ಚಿ ಅದು ಬಿಚ್ಚಿಹೋಗುತ್ತದೆ. ಆಗ ಬದಲಿ ನಾಳ ಬೇಕೇ ಬೇಕು.

ಲೋಹ, ಗಾಜು, ಸಿಲಿಕೋನು ಮುಂತಾದವುಗಳ ಕೊಳವೆಗಳನ್ನು ಬಹುಕಾಲ ಪ್ರಯೋಗಿಸಿ ನೋಡಿದರು. ಗಾಳಿ ಹಾಯುವ ದಾರಿ ಎಂದಿಗೂ ಕ್ರಿಮಿರಹಿತವಲ್ಲ. ನಿರ್ಜೀವ ಕೊಳವೆಗೆ ಸೋಂಕು ತಗಲುತ್ತಿತ್ತು. ಅದು ಜಾಗ ಬಿಟ್ಟು ಸರಿಯುತ್ತಿತ್ತು. ತುದಿಗಳಲ್ಲಿ ಮಾಂಸ ಬೆಳೆದು ದಾರಿಯನ್ನು ಮುಚ್ಚುತ್ತಿತ್ತು. ಕೆಲವೊಮ್ಮೆ ಪಕ್ಕದ ದೊಡ್ಡ ರಕ್ತನಾಳವನ್ನೇ ಸವೆಸಿ ಪ್ರಾಣಾಪಾಯ ತರುತ್ತಿತ್ತು. ಆದ್ದರಿಂದ ಸಜೀವ ನಾಳವೇ ಬೇಕೆಂಬ ತೀರ್ಮಾನಕ್ಕೆ ಬರಬೇಕಾಯಿತು.

ಮೃದ್ವಸ್ಥಿಯ ಸ್ವಭಾವ

ಸಜೀವ ನಾಳವನ್ನು ಬೆಳೆಸುವ ಯೋಚನೆ ಮಾಡಿದವರ ಗಮನ ಮೊದಲು ಹರಿದದ್ದು ಮೃದ್ವಸ್ಥಿಯ ಕಡೆಗೆ. ದೇಹದ ಅಂಗಾಂಶಗಳಲ್ಲಿ ಇದರ ಸ್ವಭಾವವೇ ಬೇರೆ. ಇದರೊಳಗೆ ರಕ್ತನಾಳಗಳಿಲ್ಲ. ಜೀವಕೋಶಗಳು ಬಹಳ ವಿರಳ. ತಾವೇ ಸ್ರವಿಸಿದ ಗಟ್ಟಿ ಲೋಳೆಯಂಥ ದ್ರವ್ಯದಲ್ಲಿ, ಚಿಕ್ಕ ಚಿಕ್ಕ ಗೂಡುಗಳಲ್ಲಿ ಹುದುಗಿಕೊಂಡಿರುತ್ತವೆ. ಆ ದ್ರವ್ಯದಲ್ಲಿ ಕೊಲಾಜೆನ್ ಎಂಬ ನಾರು ಎಳೆತವನ್ನು ತಡೆಯುತ್ತದೆ. ನೀರನ್ನು ಹಿಡಿದಿಡುವ ಬೃಹದಣುಗಳು ಒತ್ತಡವನ್ನು ತಡೆಯುತ್ತವೆ. ಕೋಶಗಳಿಗೆ ಬೇಕಾದ ಆಹಾರವೂ ಆಮ್ಲಜನಕವೂ ಹೊರಗಿನಿಂದ ಮೆಲ್ಲಮೆಲ್ಲನೆ ಒಸರಿ ಬರಬೇಕು. ಮಿತಾಹಾರಿಯಾದ ಈ ಅಂಗಾಂಶದ ಜೀವನವೂ ನಿಧಾನ, ದುರಸ್ತಿಯೂ ನಿಧಾನ. ಕೀಲುಗಳ ಮೃದ್ವಸ್ಥಿ ಒಮ್ಮೆ ನಾಶವಾದರೆ ಮರಳಿ ಬರುವುದಿಲ್ಲವೆಂದು ೧೭೪೩ರಷ್ಟು ಹಿಂದೆಯೇ ವಿಲಿಯಂ ಹಂಟರ್ ಬರೆದಿದ್ದರು.

ತಾನಾಗಿ ಬೆಳೆಯದ ಈ ಮೃದ್ವಸ್ಥಿಯನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವುದು ಮಾತ್ರ ಇತರ ಅಂಗಾಂಶಗಳಿಗಿಂತ ಸುಲಭವೆಂದು ತೋರಿತು. ಒಳಗೆ ರಕ್ತನಾಳಗಳ ಜಾಲವನ್ನು ಹೆಣೆಯಬೇಕಾದ ತೊಡಕು ಇದರಲ್ಲಿ ಇಲ್ಲವಲ್ಲ! ಆದರೆ ಒಂದು ವಿಚಿತ್ರ ತೊಂದರೆ ಎದುರಾಯಿತು. ಮೃದ್ವಸ್ಥಿಯ ಕೋಶಗಳನ್ನು ಬಿಡಿಸಿ ತೆಗೆದು ಗಾಜಿನ ತಟ್ಟೆಯ ಮೇಲೆ ಬೆಳೆಸಿದರೆ ಅವು ಸಂಖ್ಯೆಯಲ್ಲಿ ಹೆಚ್ಚುತ್ತವೆ. ಆದರೆ ಕೆಲವೇ ದಿನಗಳಲ್ಲಿ ದುಂಡನೆಯ ರೂಪ ಬಿಟ್ಟು ಚಪ್ಪಟೆಯಾಗಿ, ತಮ್ಮ ಕುಲವೃತ್ತಿಯನ್ನೇ ಮರೆತಂತೆ ಬೇರೆ ಬಗೆಯ ಕೊಲಾಜೆನನ್ನು ಸ್ರವಿಸತೊಡಗುತ್ತವೆ. ಅವನ್ನೇ ಮೆತ್ತನೆಯ ಜೆಲ್ಲಿನೊಳಗೆ ಎಲ್ಲ ಕಡೆಗಳಿಂದಲೂ ಆಧಾರ ದೊರೆಯುವಂತೆ ಇಟ್ಟರೆ ಮತ್ತೆ ಮೃದ್ವಸ್ಥಿಯ ಕೋಶಗಳಾಗಿ ವರ್ತಿಸುತ್ತವೆ ಎಂಬುದನ್ನು ೧೯೮೨ರಲ್ಲಿ ಬೆನ್ಯಾ ಮತ್ತು ಶಾಫರ್ ಎಂಬ ಸಂಶೋಧಕರು ತೋರಿಸಿದರು. ಕೋಶಕ್ಕೆ ಅನ್ನವಷ್ಟೇ ಸಾಲದು, ತಕ್ಕ ಆಸರೆಯೂ ಬೇಕು ಎಂಬುದು ಇದರಿಂದ ಸ್ಪಷ್ಟವಾಯಿತು.

ಹಂದರದ ಕಲ್ಪನೆ

ದ್ರಾಕ್ಷಿಯ ಬಳ್ಳಿಯನ್ನು ನೆಲದ ಮೇಲೆ ಹರಿಯಬಿಟ್ಟರೆ ಅದು ಬದುಕಬಹುದು, ಫಲ ಕೊಡಲಾರದು. ಹಂದರ ಕಟ್ಟಿದರೆ ಹಬ್ಬಿ ಫಲ ಕೊಡುತ್ತದೆ. ಕೋಶಗಳಿಗೂ ಇಂಥ ಹಂದರವೊಂದನ್ನು ಕಟ್ಟಿಕೊಡುವುದೇ ಅಂಗಾಂಶ ಶಿಲ್ಪವಿಜ್ಞಾನದ ತಿರುಳು. ತೋಟದ ಹಂದರಕ್ಕೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ತೋಟದ ಹಂದರ ಹಾಗೆಯೇ ಉಳಿಯಬೇಕು. ಇದು ಕೋಶಗಳು ತಮ್ಮದೇ ದ್ರವ್ಯವನ್ನು ಸ್ರವಿಸಿ ಗಟ್ಟಿಯಾದಂತೆ ತಾನು ಕರಗಿಹೋಗಬೇಕು. ಬೇಗ ಕರಗಿದರೆ ನಾಳ ಕುಸಿಯುತ್ತದೆ. ಕರಗದೆ ಉಳಿದರೆ ದೇಹವು ಅದನ್ನು ಪರಕೀಯವೆಂದು ಕೆಣಕುತ್ತಲೇ ಇರುತ್ತದೆ. ಹಂದರದ ತುಂಬ ಸೂಕ್ಷ್ಮ ರಂಧ್ರಗಳೂ ಇರಬೇಕು. ಅವುಗಳ ಮೂಲಕ ಕೋಶಗಳು ಒಳಹೊಕ್ಕು ನೆಲೆಸಬೇಕು.

ಹಂದರಗಳಲ್ಲಿ ಎರಡು ಮುಖ್ಯ ಬಗೆ. ಮೊದಲನೆಯದು ಮಾನವನಿರ್ಮಿತ. ಶಸ್ತ್ರಚಿಕಿತ್ಸೆಯಲ್ಲಿ ತಾನಾಗಿ ಕರಗುವ ಹೊಲಿಗೆ ದಾರವನ್ನು ಓದುಗರು ಕೇಳಿರಬಹುದು. ಅದೇ ಪಾಲಿಗ್ಲೈಕಾಲಿಕ್ ಆಮ್ಲ, ಪಾಲಿಲ್ಯಾಕ್ಟಿಕ್ ಆಮ್ಲ ಮುಂತಾದ ವಸ್ತುಗಳಿಂದ ಜಾಲರಿಯನ್ನು ನೇಯುತ್ತಾರೆ. ದೇಹದಲ್ಲಿಯ ನೀರಿನ ಸಂಪರ್ಕದಿಂದ ಇವು ಕ್ರಮೇಣ ಕರಗುತ್ತವೆ. ಎರಡನೆಯದು ನಿಸರ್ಗದಿಂದ ಎರವಲು ತಂದದ್ದು. ಮೃತ ದಾನಿಯ ಶ್ವಾಸನಾಳವನ್ನು ತಂದು ಮಾರ್ಜಕಗಳಿಂದಲೂ ಕಿಣ್ವಗಳಿಂದಲೂ ಮತ್ತೆ ಮತ್ತೆ ತೊಳೆದು ದಾನಿಯ ಕೋಶಗಳನ್ನೆಲ್ಲ ತೆಗೆದುಹಾಕುತ್ತಾರೆ. ಕೊನೆಗೆ ಉಳಿಯುವುದು ನಿವಾಸಿಗಳು ಬಿಟ್ಟುಹೋದ ಮನೆಯಂಥ ಬರಿಯ ಕಟ್ಟಡ. ಅದರಲ್ಲಿ ರೋಗಿಯ ಸ್ವಂತ ಕೋಶಗಳನ್ನು ನೆಲೆಗೊಳಿಸಿದರೆ ದೇಹ ಅದನ್ನು ಪರಕೀಯವೆಂದು ತಿರಸ್ಕರಿಸಲಾರದೆಂಬುದು ಇದರ ಹಿಂದಿನ ಆಸೆ.

೧೯೯೩ರಲ್ಲಿ ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವ್ಯಾಕಾಂಟಿ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ಈ ಹೊಸ ಶಾಸ್ತ್ರದ ರೂಪರೇಷೆಯನ್ನು ವಿವರಿಸಿ ಬರೆದ ಲೇಖನ ಪ್ರಸಿದ್ಧವಾಯಿತು. ಮರುವರ್ಷ ಚಾರ್ಲ್ಸ್ ವ್ಯಾಕಾಂಟಿ ಮತ್ತು ಸಂಗಡಿಗರು ಕರಗುವ ಜಾಲರಿಯ ಮೇಲೆ ಮೃದ್ವಸ್ಥಿಯ ಕೊಳವೆಯನ್ನು ಬೆಳೆಸಿ ಇಲಿಗಳ ಶ್ವಾಸನಾಳದಲ್ಲಿ ಜೋಡಿಸಿ ನೋಡಿದರು. ಬೆನ್ನ ಮೇಲೆ ಮನುಷ್ಯನ ಕಿವಿಯಾಕಾರವನ್ನು ಹೊತ್ತ ಇಲಿಮರಿಯ ಚಿತ್ರವನ್ನು ಹಲವರು ಪತ್ರಿಕೆಗಳಲ್ಲಿ ಕಂಡಿರಬಹುದು; ೧೯೯೭ರಲ್ಲಿ ವರದಿಯಾದ ಅದೂ ಇದೇ ತಂಡದ ಕೆಲಸ. ಅದರಲ್ಲಿ ಮನುಷ್ಯನ ಕೋಶ ಒಂದೂ ಇರಲಿಲ್ಲ. ಕಿವಿಯ ಆಕಾರದ ಹಂದರದ ಮೇಲೆ ಆಕಳಿನ ಮೃದ್ವಸ್ಥಿಯ ಕೋಶಗಳನ್ನು ಬಿತ್ತಿ, ಇಲಿಯ ಚರ್ಮದ ಕೆಳಗೆ ಬೆಳೆಸಲಾಗಿತ್ತು. ಬೇಕಾದ ಆಕಾರದಲ್ಲಿ ಮೃದ್ವಸ್ಥಿಯನ್ನು ಬೆಳೆಸಬಹುದೆಂಬುದಕ್ಕೆ ಅದೊಂದು ಕಣ್ಣಾರೆ ಕಾಣುವ ಪ್ರಮಾಣವಾಯಿತು.

ಭರವಸೆಯ ದಿನಗಳು

೨೦೦೮ರ ಜೂನ್ ತಿಂಗಳಲ್ಲಿ ಸ್ಪೇನಿನ ಬಾರ್ಸಿಲೋನ ನಗರದಲ್ಲಿ ಪಾವೊಲೊ ಮಾಕ್ಕಿಯಾರಿನಿ ಎಂಬ ಶಸ್ತ್ರವೈದ್ಯನು ಎರಡು ಮಕ್ಕಳ ತಾಯಿಯೊಬ್ಬಳಿಗೆ ಇಂಥ ನಾಳವನ್ನು ಜೋಡಿಸಿದನು. ಕ್ಷಯದಿಂದ ಆಕೆಯ ಎಡ ಶ್ವಾಸಕೋಶಕ್ಕೆ ಹೋಗುವ ಕವಲು ಮುಚ್ಚುತ್ತಿತ್ತು. ದಾನಿಯ ನಾಳವನ್ನು ಆರು ವಾರಗಳ ಅವಧಿಯಲ್ಲಿ ೨೫ ಬಾರಿ ಸಂಸ್ಕರಿಸಿ ಕೋಶಗಳನ್ನು ತೊಳೆದು ತೆಗೆದರು. ಆಕೆಯದೇ ಅಸ್ಥಿಮಜ್ಜೆಯಿಂದ ಪಡೆದ ಆಕರಕೋಶಗಳನ್ನು ಮೃದ್ವಸ್ಥಿಯ ಕೋಶಗಳಾಗುವಂತೆ ಬೆಳೆಸಿ ಹೊರಮೈಯಲ್ಲಿಯೂ, ಆಕೆಯದೇ ಶ್ವಾಸಮಾರ್ಗದ ಒಳಪದರದ ಕೋಶಗಳನ್ನು ಒಳಮೈಯಲ್ಲಿಯೂ ಬಿತ್ತಿ, ಪೋಷಕ ದ್ರವದಲ್ಲಿ ತಿರುಗಿಸುವ ಯಂತ್ರದಲ್ಲಿ ನಾಲ್ಕು ದಿನ ಇಟ್ಟರು. ಅನಂತರ ಅದನ್ನು ಆಕೆಗೆ ಜೋಡಿಸಿದರು. ಅದೇ ವರ್ಷ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ವರದಿ ಪ್ರಕಟವಾಗಿ, ಹೊಸ ಯುಗವೇ ಆರಂಭವಾಯಿತೆಂದು ಜಗತ್ತು ಸಂಭ್ರಮಿಸಿತು.

೨೦೧೦ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ಮಾರ್ಟಿನ್ ಎಲಿಯಟ್ ಅವರ ತಂಡ ಸುಮಾರು ಹತ್ತು ವರ್ಷದ ಬಾಲಕನೊಬ್ಬನಿಗೆ ದಾನಿಯ ತೊಳೆದ ನಾಳವನ್ನು ಜೋಡಿಸಿತು. ಹುಟ್ಟಿನಿಂದಲೇ ಅವನ ಶ್ವಾಸನಾಳ ಅತಿ ಕಿರಿದಾಗಿತ್ತು. ಬೇರೆ ಉಪಾಯಗಳೆಲ್ಲ ಮುಗಿದಿದ್ದವು. ಎರಡು ವರ್ಷಗಳ ನಂತರ ಅದೇ ವೈದ್ಯರು ಬರೆದ ವರದಿ ಮುಚ್ಚುಮರೆಯಿಲ್ಲದ್ದು. ಒಳಪದರ ಮರಳಿ ಬಂದ ಗುರುತು ಒಂದು ವರ್ಷದವರೆಗೂ ಕಾಣಲಿಲ್ಲ. ನಾಳದ ಕೆಲವು ಭಾಗಗಳಿಗೆ ೧೮ ತಿಂಗಳವರೆಗೂ ಗಟ್ಟಿತನ ಬರಲಿಲ್ಲ. ಆದರೂ ಬಾಲಕ ಉಳಿದನು, ೧೮ ತಿಂಗಳಲ್ಲಿ ೧೧ ಸೆಂಟಿಮೀಟರು ಎತ್ತರ ಬೆಳೆದನು, ಮರಳಿ ಶಾಲೆಗೆ ಹೋದನು. ಇಂಥದೇ ಚಿಕಿತ್ಸೆ ಪಡೆದ ೧೫ ವರ್ಷದ ಬಾಲಕಿಯೊಬ್ಬಳು ೨೦೧೨ರಲ್ಲಿ ಅಲ್ಲಿಯೇ ಕೆಲವೇ ವಾರಗಳಲ್ಲಿ ತೀರಿಕೊಂಡಳು. ಒಂದು ಗೆಲುವನ್ನೇ ನಿಯಮವೆಂದು ಭಾವಿಸಬಾರದೆಂಬುದಕ್ಕೆ ಇವೆರಡನ್ನೂ ಜೊತೆಯಾಗಿ ನೆನೆಯಬೇಕು.

ಸ್ಟಾಕ್‌ಹೋಮಿನ ದುರಂತ

ಬಾರ್ಸಿಲೋನದ ಕೀರ್ತಿಯಿಂದ ಮಾಕ್ಕಿಯಾರಿನಿ ೨೦೧೦ರಲ್ಲಿ ಸ್ವೀಡನ್ ದೇಶದ ಕರೋಲಿನ್ಸ್ಕ ಸಂಸ್ಥೆಯನ್ನು ಸೇರಿದನು. ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಯಾರಿಗೆ ಸಲ್ಲಬೇಕೆಂದು ನಿರ್ಣಯಿಸುವವರು ಅದೇ ಸಂಸ್ಥೆಯ ಪ್ರಾಧ್ಯಾಪಕರು. ದಾನಿಯ ನಾಳಕ್ಕಾಗಿ ಕಾಯುವುದೇಕೆ, ಪ್ಲಾಸ್ಟಿಕ್ಕಿನ ಹಂದರದ ಮೇಲೆ ರೋಗಿಯ ಅಸ್ಥಿಮಜ್ಜೆಯ ಕೋಶಗಳನ್ನು ಬಿತ್ತಿದರೆ ಸಾಕು ಎಂಬುದು ಅವನ ಹೊಸ ವಾದ. ೨೦೧೧ರ ಜೂನ್‌ನಲ್ಲಿ ಮೊದಲನೆಯ ರೋಗಿಗೆ ಇಂಥ ನಾಳವನ್ನು ಜೋಡಿಸಲಾಯಿತು. ೨೦೧೧-೧೨ರಲ್ಲಿ ಸ್ಟಾಕ್‌ಹೋಮಿನಲ್ಲಿ ಒಟ್ಟು ಮೂವರಿಗೆ ಹೀಗೆ ಮಾಡಲಾಯಿತು. ಒಳಪದರ ಬೆಳೆಯುತ್ತಿದೆ, ನಾಳ ಕೆಲಸ ಮಾಡುತ್ತಿದೆ ಎಂದು ಲೇಖನಗಳು ಹೇಳಿದವು. ಒಬ್ಬ ರೋಗಿ ೨೦೧೨ರಲ್ಲಿ, ಮೊದಲನೆಯ ರೋಗಿ ೨೦೧೪ರ ಜನವರಿಯಲ್ಲಿ, ಮೂರನೆಯವಳು ನಾಲ್ಕು ವರ್ಷಗಳಿಗೂ ಮೀರಿ ಆಸ್ಪತ್ರೆಯಲ್ಲಿ ಬವಣೆಪಟ್ಟು ೨೦೧೭ರಲ್ಲಿ ತೀರಿಕೊಂಡರು.

ಅದೇ ಆಸ್ಪತ್ರೆಯಲ್ಲಿ ಈ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ನಾಲ್ವರು ವೈದ್ಯರು ಕಾರ್ಲ್ ಹೆನ್ರಿಕ್ ಗ್ರಿನ್ನೆಮೊ, ಮಥಿಯಾಸ್ ಕೊರ್ಬಾಸ್ಸಿಯೊ, ಥಾಮಸ್ ಫುಕ್ಸ್ ಮತ್ತು ಆಸ್ಕರ್ ಸಿಮೊನ್ಸನ್. ಅವರು ಆಸ್ಪತ್ರೆಯ ದಾಖಲೆಗಳನ್ನು ಪ್ರಕಟಿತ ಲೇಖನಗಳ ಪಕ್ಕದಲ್ಲಿಟ್ಟು ಓದಿದರು. ಒಂದು ಹೇಳುವುದಕ್ಕೂ ಮತ್ತೊಂದು ಹೇಳುವುದಕ್ಕೂ ಹೊಂದಿಕೆಯಿರಲಿಲ್ಲ. ೨೦೧೪ರಲ್ಲಿ ಅವರು ಸಂಸ್ಥೆಗೆ ದೂರು ಸಲ್ಲಿಸಿದರು. ಹೊರಗಿನಿಂದ ನೇಮಕಗೊಂಡ ಪ್ರಾಧ್ಯಾಪಕ ಬೆಂಗ್ಟ್ ಯರ್ಡಿನ್ ಅವರು ವಿಚಾರಣೆ ನಡೆಸಿ ೨೦೧೫ರಲ್ಲಿ ಅಪ್ರಾಮಾಣಿಕತೆ ನಡೆದಿದೆಯೆಂದು ವರದಿ ಕೊಟ್ಟರು. ಆದರೂ ಅದೇ ವರ್ಷದ ಆಗಸ್ಟ್‌ನಲ್ಲಿ ಸಂಸ್ಥೆಯ ಕುಲಪತಿ ಅವನನ್ನು ದೋಷಮುಕ್ತನೆಂದು ಸಾರಿದರು. ೨೦೧೬ರ ಜನವರಿಯಲ್ಲಿ ಸ್ವೀಡನ್ನಿನ ದೂರದರ್ಶನ ಸಾಕ್ಷ್ಯಚಿತ್ರವೊಂದನ್ನು ಬಿತ್ತರಿಸಿದ ಮೇಲೆಯೇ ಸಂಸ್ಥೆ ಎಚ್ಚೆತ್ತಿತು. ಕುಲಪತಿ ರಾಜೀನಾಮೆಯಿತ್ತರು, ಮಾಕ್ಕಿಯಾರಿನಿಯನ್ನು ವಜಾ ಮಾಡಲಾಯಿತು. ಲ್ಯಾನ್ಸೆಟ್ ಪತ್ರಿಕೆ ೨೦೧೧ರ ಲೇಖನವನ್ನು ೨೦೧೮ರಲ್ಲಿ ಹಿಂತೆಗೆದುಕೊಂಡಿತು. ಜಗತ್ತು ಸಂಭ್ರಮಿಸಿದ್ದ ೨೦೦೮ರ ಲೇಖನವನ್ನೂ ೨೦೨೩ರಲ್ಲಿ ಹಿಂತೆಗೆದುಕೊಂಡಿತು. ಬಾರ್ಸಿಲೋನದ ಆ ತಾಯಿಯ ಎಡ ಶ್ವಾಸಕೋಶವನ್ನು ೨೦೧೬ರಲ್ಲಿ ತೆಗೆಯಬೇಕಾಗಿ ಬಂದಿತ್ತು. ೨೦೨೩ರ ಜೂನ್‌ನಲ್ಲಿ ಸ್ವೀಡನ್ನಿನ ಮೇಲ್ಮನವಿ ನ್ಯಾಯಾಲಯ ಮೂವರು ರೋಗಿಗಳ ಮೇಲೂ ಘೋರ ದೈಹಿಕ ಹಲ್ಲೆ ನಡೆಸಿದ ಅಪರಾಧಕ್ಕಾಗಿ ಆ ವೈದ್ಯನಿಗೆ ಎರಡೂವರೆ ವರ್ಷಗಳ ಸೆರೆಮನೆ ವಾಸವನ್ನು ವಿಧಿಸಿತು.

ತಪ್ಪಿದ್ದೆಲ್ಲಿ?

ಒಬ್ಬನ ಅಪ್ರಾಮಾಣಿಕತೆಯೇ ಎಲ್ಲಕ್ಕೂ ಕಾರಣವೆಂದು ಹೇಳಿ ಮುಗಿಸಿದರೆ ವಿಜ್ಞಾನದ ಪಾಠ ಅರ್ಧವೇ ಆದೀತು. ಶಾಸ್ತ್ರದ ಲೆಕ್ಕದಲ್ಲಿಯೂ ಒಂದು ದೊಡ್ಡ ಸಂಖ್ಯೆಯನ್ನು ಬಿಟ್ಟುಬಿಡಲಾಗಿತ್ತು. ದೇಹದ ಬಹುಪಾಲು ಕೋಶಗಳು ಸಮೀಪದ ರಕ್ತದ ಲೋಮನಾಳದಿಂದ ಒಂದು ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗಗಳಷ್ಟು ದೂರದಲ್ಲಿ ಮಾತ್ರ ಬದುಕಬಲ್ಲವು. ಮೃದ್ವಸ್ಥಿ ರಕ್ತನಾಳಗಳಿಲ್ಲದೆ ಬದುಕುತ್ತದೆಂಬುದು ನಿಜ. ಆದರೆ ಶ್ವಾಸನಾಳವೆಂದರೆ ಮೃದ್ವಸ್ಥಿಯಷ್ಟೇ ಅಲ್ಲ. ಅದರ ಒಳಪದರಕ್ಕೆ ರಕ್ತ ಬೇಕು; ಆ ರಕ್ತವನ್ನು ತರುವ ಕಿರುನಾಳಗಳನ್ನು ಒಂದೊಂದಾಗಿ ಹೊಲಿಯುವುದು ದುಸ್ಸಾಧ್ಯ. ಮೂತ್ರಪಿಂಡಕ್ಕಾದರೆ ಒಂದೆರಡು ದೊಡ್ಡ ನಾಳಗಳನ್ನು ಹೊಲಿದರೆ ರಕ್ತ ಹರಿಯುತ್ತದೆ, ಇಲ್ಲಿ ಹಾಗಿಲ್ಲ. ಪ್ಲಾಸ್ಟಿಕ್ಕಿನ ಕೊಳವೆಯ ಮೇಲೆ ಬಿತ್ತಿದ ಕೋಶಗಳು ಆಹಾರವಿಲ್ಲದೆ ಸಾಯುತ್ತವೆ. ಒಳಪದರವಿಲ್ಲದ ಕೊಳವೆ ರೋಗಾಣುಗಳ ಬೀಡಾಗುತ್ತದೆ. ಅದರ ತುದಿ ರೋಗಿಯ ನಾಳದೊಡನೆ ಬೆಸೆದುಕೊಳ್ಳುವುದೇ ಇಲ್ಲ. ಬೆಲ್ಜಿಯಂ ದೇಶದ ಲೂವೆನ್ ವಿಶ್ವವಿದ್ಯಾಲಯದ ಪಿಯರ್ ದೆಲಾರ್ ಅವರು ಇದನ್ನು ೨೦೧೧ರಿಂದಲೇ ಎತ್ತಿ ಹೇಳುತ್ತಿದ್ದರು. ಪ್ರಾಣಿಗಳ ಮೇಲೆ ಸಾಕಷ್ಟು ಪ್ರಯೋಗ ಮಾಡಿದ್ದರೆ ಈ ಸತ್ಯ ಮನುಷ್ಯರ ಪ್ರಾಣ ಹೋಗುವ ಮೊದಲೇ ಹೊರಬೀಳುತ್ತಿತ್ತು. ಆ ಪ್ರಯೋಗವೇ ಸರಿಯಾಗಿ ನಡೆದಿರಲಿಲ್ಲ.

ಇಂದಿನ ದಾರಿಗಳು

ಈ ದುರಂತದಿಂದ ಅನ್ವೇಷಣೆ ನಿಲ್ಲಲಿಲ್ಲ. ಹೆಚ್ಚು ವಿನಯವನ್ನು ಕಲಿತು ಮುಂದುವರಿಯಿತು. ದೆಲಾರ್ ಅವರು ಟೀಕೆ ಮಾಡಿ ಸುಮ್ಮನಿದ್ದವರಲ್ಲ. ೨೦೦೮ರಲ್ಲಿ ಅವರ ತಂಡ ದಾನಿಯ ಶ್ವಾಸನಾಳವನ್ನು ಮೊದಲು ರೋಗಿಯ ಮುಂಗೈಯ ಚರ್ಮದ ಕೆಳಗೆ ಹುದುಗಿಸಿಟ್ಟಿತು. ಅಲ್ಲಿಯ ರಕ್ತನಾಳಗಳು ತಿಂಗಳುಗಟ್ಟಲೆ ಅದರೊಳಕ್ಕೆ ಹಬ್ಬಿಕೊಂಡವು. ರೋಗಿಯ ಬಾಯಿಯ ಒಳಪದರದ ತುಣುಕುಗಳನ್ನು ಅದಕ್ಕೆ ನಾಟಿ ಹಾಕಲಾಯಿತು. ಅನಂತರ ಮುಂಗೈಯ ರಕ್ತನಾಳದ ಸಮೇತ ಅದನ್ನು ಎತ್ತಿ ಕೊರಳಿಗೆ ಜೋಡಿಸಿದರು. ದೇಹದ ಪ್ರತಿರೋಧವನ್ನು ತಗ್ಗಿಸುವ ಔಷಧಿಗಳನ್ನು ನಿಲ್ಲಿಸಿದ ಮೇಲೆಯೂ ದಾನಿಯ ಮೃದ್ವಸ್ಥಿ ಉಳಿಯಿತು. ತನ್ನ ದ್ರವ್ಯದಲ್ಲಿ ಹುದುಗಿರುವ ಆ ಕೋಶಗಳನ್ನು ದೇಹದ ಕಾವಲುಗಾರರು ಸುಲಭವಾಗಿ ಮುಟ್ಟಲಾರರು. ಮೊದಲು ರಕ್ತ, ಆಮೇಲೆ ನಾಳ ಎಂಬುದೇ ಇಲ್ಲಿಯ ಕ್ರಮ.

೨೦೧೨ರ ಫೆಬ್ರುವರಿಯಲ್ಲಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದ ಗ್ಲೆನ್ ಗ್ರೀನ್ ಮತ್ತು ಸ್ಕಾಟ್ ಹೊಲಿಸ್ಟರ್ ಅವರು ಇನ್ನೂ ಸರಳವಾದ ಉಪಾಯವನ್ನು ಮಾಡಿದರು. ಕುಸಿಯುವ ಶ್ವಾಸಮಾರ್ಗದ ಶಿಶುವೊಂದಕ್ಕೆ ಹೊಸ ನಾಳವನ್ನು ಬೆಳೆಸಲು ಹೋಗದೆ, ನಿಧಾನವಾಗಿ ಕರಗುವ ವಸ್ತುವಿನಿಂದ ಅಳತೆಗೆ ಸರಿಯಾಗಿ ಯಂತ್ರದಿಂದ ಮುದ್ರಿಸಿದ ಸೀಳು ತೋಳೊಂದನ್ನು ನಾಳದ ಹೊರಗೆ ತೊಡಿಸಿ, ನಾಳವನ್ನು ಅದಕ್ಕೆ ಹೊಲಿದು ತೆರೆದಿಟ್ಟರು. ಸುಮಾರು ಮೂರು ವರ್ಷಗಳಲ್ಲಿ ಅದು ಕರಗುವಷ್ಟರಲ್ಲಿ ಮಗುವಿನ ಸ್ವಂತ ಮೃದ್ವಸ್ಥಿ ಬಲಿಯುತ್ತದೆ. ಎಳೆಯ ಸಸಿಗೆ ಊರುಗೋಲು ಕಟ್ಟಿದಂತೆ. ಫ್ರಾನ್ಸಿನ ಎಮ್ಮಾನುಯೆಲ್ ಮಾರ್ಟಿನೊ ಅವರ ತಂಡ ಶೈತ್ಯದಲ್ಲಿ ಕಾದಿಟ್ಟ ದಾನಿಯ ಮಹಾಧಮನಿಯ ತುಂಡುಗಳನ್ನು ೧೩ ಮಂದಿ ರೋಗಿಗಳ ಶ್ವಾಸಮಾರ್ಗಗಳಲ್ಲಿ ಬಳಸಿ ೨೦೧೮ರಲ್ಲಿ ವರದಿ ಮಾಡಿತು. ಕುತೂಹಲದ ಸಂಗತಿಯೆಂದರೆ, ಯಾರೂ ಬಿತ್ತದಿದ್ದರೂ ಆ ಧಮನಿಯ ಗೋಡೆಯಲ್ಲಿ ಹೊಸ ಮೃದ್ವಸ್ಥಿ ಮೂಡಿರುವುದು ಕಂಡುಬಂತು. ತಕ್ಕ ಹಂದರವನ್ನೂ ಕಾಲವನ್ನೂ ಕೊಟ್ಟರೆ ದೇಹವೇ ಕೆಲಸಕ್ಕೆ ಇಳಿಯುತ್ತದೆ.

೨೦೨೧ರ ಜನವರಿಯಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯಲ್ಲಿ ಎರಿಕ್ ಗೆಂಡೆನ್ ಅವರ ತಂಡ ಸುಮಾರು ೧೮ ಗಂಟೆಗಳ ಶಸ್ತ್ರಚಿಕಿತ್ಸೆ ನಡೆಸಿ, ದಾನಿಯ ಶ್ವಾಸನಾಳವನ್ನು ಅದರ ಕಿರು ರಕ್ತನಾಳಗಳ ಸಮೇತ ರೋಗಿಗೆ ಜೋಡಿಸಿತು. ೨೦೨೩ರಲ್ಲಿ ದಕ್ಷಿಣ ಕೊರಿಯದ ಸೋಲ್ ನಗರದಲ್ಲಿ ಕರಗುವ ಹಂದರವನ್ನೂ ಮೃದ್ವಸ್ಥಿಯ ಕೋಶಗಳನ್ನೂ ಸೇರಿಸಿ ಯಂತ್ರದಿಂದ ಮುದ್ರಿಸಿದ ನಾಳವನ್ನು ರೋಗಿಯೊಬ್ಬರಿಗೆ ಜೋಡಿಸಲಾಯಿತು. ಇವೆಲ್ಲವೂ ಬೆರಳೆಣಿಕೆಯ ರೋಗಿಗಳಲ್ಲಿ ನಡೆದ ಪ್ರಯೋಗಗಳು. ಪ್ರಯೋಗಶಾಲೆಯಲ್ಲಿ ಬೆಳೆಸಿದ ಪೂರ್ಣ ಶ್ವಾಸನಾಳವನ್ನು ನಿತ್ಯದ ಚಿಕಿತ್ಸೆಯಾಗಿ ಕೊಡುವ ಆಸ್ಪತ್ರೆ ಇಂದಿಗೂ ಜಗತ್ತಿನಲ್ಲಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವುಂಟು. ಆಕರಕೋಶಗಳಿಂದ ಎಲ್ಲ ರೋಗಗಳನ್ನೂ ವಾಸಿಮಾಡುವುದಾಗಿ ಹೇಳುವ ಜಾಹೀರಾತುಗಳು ನಮ್ಮ ದೇಶದಲ್ಲಿಯೂ ಬರುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ೨೦೧೭ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ರಕ್ತಸಂಬಂಧವಾದ ಕೆಲವು ನಿರ್ದಿಷ್ಟ ಕಾಯಿಲೆಗಳಿಗೆ ರಕ್ತೋತ್ಪಾದಕ ಆಕರಕೋಶಗಳ ಕಸಿಯನ್ನು ಬಿಟ್ಟರೆ, ಉಳಿದ ಬಳಕೆಯೆಲ್ಲ ಸಂಶೋಧನೆಯ ಚೌಕಟ್ಟಿನೊಳಗೆ ಮಾತ್ರ ನಡೆಯಬೇಕು. ಸಂಕಟದಲ್ಲಿರುವ ಕುಟುಂಬಗಳು ಹೊಲ ಮನೆ ಮಾರುವ ಮುನ್ನ ಈ ಮಾತನ್ನು ತಿಳಿದಿರುವುದು ಒಳ್ಳೆಯದು. ಹೇಳಬಲ್ಲ ಅಧ್ಯಾಪಕರು ಅವರಿಗೆ ಹೇಳುವುದು ಇನ್ನೂ ಒಳ್ಳೆಯದು.

ಉಪಸಂಹಾರ

ಶ್ವಾಸನಾಳವನ್ನು ಬೆಳೆಸಬಹುದೇ ಎಂಬ ಪ್ರಶ್ನೆಗೆ ಇಂದಿನ ಉತ್ತರ ಇಷ್ಟು: ಮೃದ್ವಸ್ಥಿಯನ್ನು ಬೆಳೆಸಬಹುದು, ಅದಕ್ಕೆ ಬೇಕಾದ ಆಕಾರವನ್ನೂ ಕೊಡಬಹುದು; ಆದರೆ ಅದನ್ನು ಉಸಿರಾಡಿಸುವ ನಾಳವನ್ನಾಗಿ ಉಳಿಸುವ ರಕ್ತವನ್ನು ಕಾಲಕ್ಕೆ ಸರಿಯಾಗಿ ಒದಗಿಸುವ ವಿದ್ಯೆ ಇನ್ನೂ ಪೂರ್ಣವಾಗಿ ಕೈಗೂಡಿಲ್ಲ. ಅದು ಕೈಗೂಡುವ ದಿನ ಬಂದೇ ಬರುತ್ತದೆಂದು ನಂಬಲು ಲೂವೆನ್ನಿನ ಮುಂಗೈ, ಮಿಚಿಗನ್ನಿನ ಸೀಳು ತೋಳು, ಫ್ರಾನ್ಸಿನ ಧಮನಿ ಇವೆಲ್ಲ ಆಧಾರ ಕೊಡುತ್ತವೆ.

ಕೋಶಕ್ಕೆ ಹಂದರ ಹೇಗೋ ಹಾಗೆ ವಿಜ್ಞಾನಕ್ಕೆ ಸತ್ಯ. ಸ್ಟಾಕ್‌ಹೋಮಿನಲ್ಲಿ ಹಣವಿತ್ತು, ಯಂತ್ರವಿತ್ತು, ಕೀರ್ತಿಯಿತ್ತು. ಇಲ್ಲದೆ ಹೋದದ್ದು ದಾಖಲೆಯಲ್ಲಿ ಇದ್ದುದನ್ನು ಇದ್ದಂತೆ ಹೇಳುವ ನಡತೆ. ತಮಗಿಂತ ದೊಡ್ಡವನೆನಿಸಿದವನ ಲೇಖನವನ್ನು ರೋಗಿಯ ಕಡತದೊಡನೆ ಹೋಲಿಸಿ ನೋಡುವ ಶ್ರಮವನ್ನೂ, ಕಂಡದ್ದನ್ನು ಹೇಳುವ ಧೈರ್ಯವನ್ನೂ ನಾಲ್ವರು ತೋರಿದರು. ನಮ್ಮ ಶಾಲೆಗಳ ಪ್ರಯೋಗಶಾಲೆಗಳಲ್ಲಿ ಮಕ್ಕಳು ಪುಸ್ತಕದ ಉತ್ತರಕ್ಕೆ ಹೊಂದುವಂತೆ ತಮ್ಮ ಅಳತೆಯ ಅಂಕಿಯನ್ನು ತಿದ್ದಿ ಬರೆಯುವುದನ್ನು ಪ್ರತಿಯೊಬ್ಬ ಅಧ್ಯಾಪಕರೂ ಕಂಡಿದ್ದೇವೆ. ಚಿಕ್ಕದೆಂದು ಬಿಟ್ಟೂ ಇದ್ದೇವೆ. ಆ ಅಂಕಿಯನ್ನು ಬಂದಂತೆಯೇ ಬರೆಯಲು ಕಲಿಸಿದರೆ, ಮುಂದೆ ಎಂದೋ ಎಲ್ಲಿಯೋ ಒಬ್ಬ ರೋಗಿಯ ಮೂಗಿನ ಬಳಿ ಹಿಡಿದ ಬೆರಳಿಗೆ ಉಸಿರು ತಾಗುವುದಕ್ಕೆ ಅದೂ ಒಂದು ಕಾರಣವಾದೀತು.